ಷರಾ

ಬೈತಖೋಲದ ಏರು. ಐಸ್ ಫ್ಯಾಕ್ಟರಿ ದಾಟಿ
ಎಡಕ್ಕೆ ಎಪ್ಪತ್ತೆರಡು ಮೆಟ್ಟಿಲು. ಎಣಿಸಿದ್ದು ನಾನಲ್ಲ,
ಅವರೇ ಹೇಳಿದ್ದು: ಆಪರೇಷನ್ ಆದಮೇಲೆ
ದಿನಕ್ಕೊಂದರಂತೆ ವಾಪಸ್ಸು ಗೆದ್ದುಕೊಂಡೆ, ಬಾಯಿ.

ಪುರುಷೋತ್ತಮ ದುರ್ಗೇಕರ, ನೌಕಾಪಡೆ, ನಿವೃತ್ತ,
ಇಂಜಿನ್ ರೂಮಿನಲ್ಲಿ ಹದಿನೈದು ವರ್ಷ.
ನನ್ನ ಹಾಳೆಯಲ್ಲಿ ಹೆಸರಿಗೆ ಜಾಗವಿಲ್ಲ. ನಲವತ್ತೊಂದು.
ನಕ್ಕರು: ಅಲ್ಲಿ ನನ್ನ ನಂಬರಿಗೆ ಆರು ಅಂಕಿ ಇತ್ತು,
ಇಲ್ಲಿ ಎರಡಕ್ಕೆ ಇಳಿಸಿಬಿಟ್ಟೆಯಲ್ಲ.

ಹದಿನಾರರವರೆಗೆ ಸಲೀಸು.
ಸೊಂಟದ ಕೀಲು ಬದಲಿಸಿದ್ದು ಯಾವ ತಿಂಗಳು,
ರೆಫರಲ್ ಚೀಟಿಗೆ ಎಷ್ಟು ಸಲ ಅಲೆದಿರಿ,
ನೋವು ಈಗ ಹತ್ತರಲ್ಲಿ ಎಷ್ಟು?
ಮಳೆಗೆ ಮುಂಚೆ ಏಳು, ಮಳೆ ಬಿದ್ದಮೇಲೆ ನಾಲ್ಕು,
ಯಾವುದು ಬರೀತಿ?
ಐದು ಎಂದು ಬರೆದೆ.
ಸಂಶೋಧನೆ ಹೀಗೂ ಆಗುತ್ತದೆ.

ಹದಿನೇಳು. ಶಸ್ತ್ರಚಿಕಿತ್ಸೆಗೆ ಮೊದಲು
ಕುಡಿತದ ಬಗ್ಗೆ ಯಾರಾದರೂ ನಿಮ್ಮನ್ನು ಕೇಳಿದರೇ?
ಹೌದು, ಇಲ್ಲ, ಒಂದಕ್ಕೆ ಗುರುತು.

ಕಿಟಕಿಯತ್ತ ತಿರುಗಿದರು.
ಕೆಳಗೆ ದಕ್ಕೆಯಲ್ಲಿ ಯಾರೋ ಬಲೆಯ ಗಂಟು ಬಿಡಿಸುತ್ತ
ಯಾರಿಗೋ ಬೈಯುತ್ತಿದ್ದರು.
ಕೇಳಿದರು, ಅಂದರು. ಡಾಕ್ಟರ ಹೆಗಲಲ್ಲಿ
ಮೂರು ಚಿನ್ನದ ಪಟ್ಟಿ. ಕುಡಿಯುತ್ತೀರಾ?
ನೋ ಸರ್.
ಮಲಗಿದ್ದೆ ನಾನು. ಮಲಗಿದಲ್ಲೇ
ಹಿಮ್ಮಡಿ ಎರಡೂ ಜೋಡಿಕೊಂಡವು.

ಅಡುಗೆಮನೆಯಿಂದ ಶೇವಂತಿ:
ಕಾರ್ಡಿನ ಬಾಟಲಿ ಹತ್ತನೇ ತಾರೀಖಿಗೇ ಮುಗೀತಿತ್ತು,
ಅದನ್ನೂ ಬರಿ. ಮೂರನೇ ರಾತ್ರಿದೂ ಬರಿ.

ಮೂರನೇ ರಾತ್ರಿ
ವಾರ್ಡಿನ ಫ್ಯಾನು ಟರ್ಬೈನ್ ಆಯಿತು.
ಹೊದಿಕೆಯ ಮೇಲೆ ಏಡಿಗಳು ಹತ್ತಿದವು,
ಕಾಳಿ ನದಿಯ ಅಳಿವೆಯ ಕೆಸರಿನವು, ಉಗುರಿನಷ್ಟೇ ದೊಡ್ಡವು.
ಹೊಸ ಸೊಂಟ ಹೊತ್ತು ಮಂಚದಿಂದಿಳಿದು
ಉಗಿಯ ಕವಾಟ ಮುಚ್ಚಲು ಹೊರಟರು.
ಮುಚ್ಚದಿದ್ದರೆ ಕೆಳಗಿನ ಹನ್ನೊಂದು ಹುಡುಗರು
ಬೆಂದುಹೋಗುತ್ತಾರೆ, ಬಿಡಿ ನನ್ನ, ಬಿಡಿ.
ನಾಲ್ವರು ಹಿಡಿದರು. ಬ್ಯಾಂಡೇಜಿನಲ್ಲಿ ಕಟ್ಟಿದರು.
ಕೇಸ್ ಶೀಟಿನಲ್ಲಿ ಆ ಇಡೀ ರಾತ್ರಿಗೆ ಒಂದೇ ಸಾಲು:
ರೋಗಿ ಸಹಕರಿಸುತ್ತಿಲ್ಲ.

ಆ ಕೈಬರಹ ನನ್ನದಲ್ಲ.
ಆದರೆ ಅದೇ ಮಾತು ನಾನೂ ಬರೆದಿದ್ದೇನೆ,
ಬೇರೆ ವಾರ್ಡು, ಬೇರೆ ಮಂಚ, ಬೆಳಗಿನ ನಾಲ್ಕು ಗಂಟೆ,
ಬರೆದು, ಸಹಿ ಹಾಕಿ, ಚಹಾ ಕುಡಿಯಲು ಹೋಗಿದ್ದೇನೆ.
ಎಷ್ಟು ಸಲ ಎಂದು
ಯಾವ ಪ್ರಶ್ನಾವಳಿಯೂ ನನ್ನನ್ನು ಕೇಳಿಲ್ಲ.

ಹದಿನೆಂಟು. ಕಳೆದ ಮೂವತ್ತು ದಿನಗಳಲ್ಲಿ?
ನೀನು ಚಾಪೆಯ ಮೇಲೆ ಕೂತು ಕೇಳ್ತಿದ್ದಿ,
ಅದಕ್ಕೆ ಹೇಳ್ತೇನೆ. ಒಂಬತ್ತು ದಿನ.
ಒಳಗೆ ಪಾತ್ರೆಯ ಮುಚ್ಚಳ ಸದ್ದು ಮಾಡಿತು. ಹನ್ನೆರಡು.
ಹನ್ನೊಂದು, ಅಂದರು, ಒಂದು ದಿನ ಹೊಟ್ಟೆಯಲ್ಲಿ ನಿಲ್ಲಲಿಲ್ಲ.
ಮೂವರೂ ನಕ್ಕೆವು.
ಮೊದಲು ನಿಲ್ಲಿಸಿದವಳು ಶೇವಂತಿ.

ಕೊನೆಯ ಕಾಲಂ ಷರಾ, ಬೆರಳಗಲ.
ಅಲ್ಲಿ ಬರೆದದ್ದು ಕಾರ್ಯಾಲಯದಲ್ಲಿ ಯಾರೂ ಎಣಿಸುವುದಿಲ್ಲ.
ಆದರೂ ಅಕ್ಷರ ಸಣ್ಣ ಮಾಡಿ, ಅಂಚು ಮೀರಿ ಬರೆದೆ:
ಪಟ್ಟಿಯ ಅಂಗಿ ಕಳಚಿಟ್ಟು ಬನ್ನಿ.
ಕುರ್ಚಿ ಎಳೆದುಕೊಂಡು ಕೂತು ಕೇಳಿ.
ಹೆಂಡತಿಯನ್ನೂ ಕೇಳಿ.
ಇಲ್ಲ ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು
ಇನ್ನೊಮ್ಮೆ ಕೇಳಿ.

ಮೆಟ್ಟಿಲಿಳಿಯುವಾಗ ಮೇಲಿನಿಂದ ಕೂಗಿದರು:
ನಲವತ್ತೆರಡು ಯಾರು?
ಹೇಳುವಂತಿಲ್ಲ.
ಕೋಡಿಬಾಗದ ಗುನಗಿಯೇ ಆಗಿದ್ದರೆ
ನೋ ಸರ್ ಅನ್ನಬೇಡ ಅಂತ ಹೇಳು ಅವನಿಗೆ,
ಮುಂದಿನ ವಾರ ಅವನ ಮೊಣಕಾಲು ಕೊಯ್ಯುತ್ತಾರಂತೆ.

ಹೇಳುವಂತಿಲ್ಲ, ಅಂದೆ ಮತ್ತೆ.
ಎಷ್ಟನೇ ಮೆಟ್ಟಿಲಲ್ಲಿದ್ದೆನೋ, ಲೆಕ್ಕ ತಪ್ಪಿತು.
ಚೀಲದಲ್ಲಿ ನಲವತ್ತೆರಡನೆಯ ಹಾಳೆ, ಖಾಲಿ,
ಮೂಲೆಯಲ್ಲಿ ಪೆನ್ಸಿಲಿನಲ್ಲಿ ವಿಳಾಸ,
ಕೋಡಿಬಾಗ.