ಚಿಲಕ

ಹೇಗಾಯ್ತು ಅನ್ನೋ ಕಾಲಂ
ನಮ್ಮ ರಿಜಿಸ್ಟರಿನಲ್ಲಿ ಎರಡು ಬೆರಳಗಲ.
ಅದರಲ್ಲಿ ಹಿಡಿಯುವುದು ಒಂದೇ ಪದ: ಆಕಸ್ಮಿಕ.
ಹದಿನೇಳು ವರ್ಷ ಅದನ್ನೇ ಬರೆದು ಬರೆದು
ನನ್ನ ಅಕ್ಷರದಲ್ಲಿ ಮ-ವತ್ತು ಸವೆದೇಹೋಗಿದೆ.
ಆದರೂ ಎಲ್ಲರೂ ಸರಿಯಾಗಿ ಓದುತ್ತಾರೆ.

ಸೊಣ್ಣಪ್ಪ ಮೊದಲ ಸಲ ಬಂದದ್ದು ಬಲ ಮಣಿಕಟ್ಟಿಗೆ,
ಲಗ್ಗೆರೆ ಬ್ರಿಜ್ಜಿನ ಹತ್ತಿರ ಬೈಕು ಜಾರಿ.
ಎರಡನೇ ಸಲ ಹಿಮ್ಮಡಿ,
ಏಣಿಗೆ ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು.
ಇರಲಿಲ್ಲ.
ಈ ಸಲ ಎಡಗೈ. ಪೀಣ್ಯ ಎರಡನೇ ಹಂತ,
ನಲವತ್ತು ಟನ್ನಿನ ಪವರ್ ಪ್ರೆಸ್.
ತೋರುಬೆರಳು, ನಡುಬೆರಳು, ಉಂಗುರದ ಬೆರಳು ಅರ್ಧ,
ಜೊತೆಗೆ ಮುಂಗೈ ಮೂಳೆಯಲ್ಲಿ ಬಿರುಕು.
"ಮತ್ತೆ ಬಂದ್ಯೇನಯ್ಯಾ?"
"ಗ್ರಾಚಾರ ಸಾರ್" ಅಂದ,
ಕಂತು ಕಟ್ಟಲು ತಡವಾದವನ ಹಾಗೆ ನಕ್ಕು.

ಸೂಪರ್‌ವೈಸರ್ ಮೊದಲು ಅವನ ಬಾಯಿ ಮೂಸಿದರಂತೆ.
ವಾಸನೆ ಬಡಿದರೆ ನಡುದಾರಿಯಲ್ಲೇ
ಬಸ್ಸಿಳಿದು ನಡೆಯುವ ಮನುಷ್ಯ ಅವನು.

ಆರು ವಾರ ಕಳೆದು ಪಟ್ಟಿ ಬಿಚ್ಚುವ ದಿನ
ಗರಗಸ ಹಚ್ಚಿದೆ.
ಅದರ ಸದ್ದಿಗೆ ಗರಡಿ ಪೈಲ್ವಾನರೂ ಕಣ್ಣು ಮುಚ್ಚುತ್ತಾರೆ,
ಮಕ್ಕಳು ಅವ್ವನ ಕೊರಳಿಗೆ ಜೋತುಬೀಳುತ್ತವೆ.
ಇವನು ಅತ್ತ ನೋಡಲೂ ಇಲ್ಲ.
ಹಲ್ಲು ಚರ್ಮದ ಹತ್ತಿರಕ್ಕೆ ಬಂದಾಗಲೂ ಮರದ ತುಂಡಿನಂತೆ ಕೂತಿದ್ದ.
ಆಗ ಹೊರಗೆ ಯಾರೋ ಚಿಲಕ ಮುಟ್ಟಿದರು.
ಆ ಗದ್ದಲದಲ್ಲಿ ನನಗೆ ಕೇಳಿಸಲೇ ಇಲ್ಲ.
ಅವನ ತೋಳು ಮೇಜಿನಿಂದ ಹಾರಿತು,
ಕತ್ತು ಬಾಗಿಲಿಗೆ, ಕಿವಿ ಬಾಗಿಲಿಗೆ,
ಮೂವತ್ತೊಂಬತ್ತು ವರ್ಷದ ಮೈಯೆಲ್ಲ ಬಾಗಿಲಿಗೆ.

ಟೀ ತಂದ ಗ್ಲಾಡಿಸಕ್ಕ.

ಟೀ ಆರುವಷ್ಟು ಹೊತ್ತು ಹೇಳಿದ, ನಾನು ಕೇಳಿರಲಿಲ್ಲ:
ರಾಜಗೋಪಾಲನಗರ, ಶೀಟಿನ ಮನೆ, ಒಂದೇ ಕೋಣೆ.
ಅಪ್ಪ ಯಾವ ಅಪ್ಪನಾಗಿ ಬಂದಿದ್ದಾನೆಂದು
ಚಿಲಕಕ್ಕೆ ಮೊದಲು ಗೊತ್ತಾಗುತ್ತಿತ್ತು.
ತಡಕಾಡಿ ಎರಡು ಮೂರು ಸಲ ಅಲ್ಲಾಡಿಸಿದರೆ ಬರೀ ಬೈಗುಳ.
ಒಂದೇ ಏಟಿಗೆ ತೆಗೆದುಕೊಂಡಿತೋ,
ಅಷ್ಟರೊಳಗೆ ತಂಗಿ ಮಂಚದಡಿ ಸೇರಿರಬೇಕು,
ಸ್ಟೌವ್ ಆರಿರಬೇಕು.
ಆಮೇಲೆ ಬೆಲ್ಟು.
ಮಗ್ಗಿ ಹೇಳುವಾಗಲೂ ಬಾಗಿಲು, ಅನ್ನ ಕಲಸುವಾಗಲೂ ಬಾಗಿಲು.
ಕೈ ಏನು ಮಾಡುತ್ತಿದೆ ಅಂತ ನೋಡಲು
ಯಾರಿಗೆ ಪುರುಸೊತ್ತು?

"ಆವತ್ತು ಪ್ರೆಸ್ಸಲ್ಲಿ ಏನಾಯ್ತು?"
"ಏನಿಲ್ಲ ಸಾರ್. ಹಿಂದಿನ ಶಟರ್ ಯಾರೋ ಎಳೆದರು."

ಅಪ್ಪ ಸತ್ತು ಇಪ್ಪತ್ತೆರಡು ವರ್ಷ.
ಸುಡುಗಾಡಿನಲ್ಲಿ ಕೊಳ್ಳಿ ಇಟ್ಟವನು ಇವನೇ.
ಆವತ್ತೂ ಯಾರೋ ಗೇಟು ತೆಗೆದರಂತೆ, ತಿರುಗಿ ನೋಡಿದನಂತೆ.
ರೂಪಾಯಿಯಗಲದ ಸುಟ್ಟ ಕಲೆ, ತೋರಿಸಿದ.

ರಿಜಿಸ್ಟರು ತೆಗೆದೆ, ಆಕಸ್ಮಿಕವನ್ನು ಹೊಡೆದುಹಾಕಲೆಂದು.
ಬದಲಿಗೆ ಏನು ಬರೆಯಲಿ?
ಕಂಪನಿ ದುಡ್ಡು ಕೊಡುವುದೇ ಆ ಪದಕ್ಕೆ.
ಚಿಲಕ ಅಂತ ಬರೆದರೆ
ಮೂರು ಬೆರಳಿಗೆ ಮೂರು ಕಾಸು ಹುಟ್ಟುವುದಿಲ್ಲ.
ಮುಚ್ಚಿಟ್ಟೆ.

ಇನ್ನರ್ಧ ಪಟ್ಟಿ ಬಾಕಿಯಿತ್ತು.
ಎದ್ದುಹೋಗಿ ಬಾಗಿಲು ಪೂರ್ತಿ ತೆರೆದು
ಮುಚ್ಚದ ಹಾಗೆ ನೀರಿನ ಬಕೆಟ್ಟು ಒತ್ತಿಟ್ಟೆ.
ಕಾರಿಡಾರೆಲ್ಲ ಒಳಗೆ ಬಂತು,
ಸ್ಟ್ರೆಚರಿನ ಕಿರುಗಾಲಿ, ಟೋಕನ್ ಜಗಳ, ಯಾರದೋ ಕೂಸು.
ಅವನು ಬಾಗಿಲನ್ನು ನೋಡಿದ, ಸುಮಾರು ಹೊತ್ತು.
ಆಮೇಲೆ ಮೊದಲ ಸಲ ಗರಗಸವನ್ನು ನೋಡಿದ.
"ಸಾರ್, ಇದು ಚರ್ಮ ಕುಯ್ಯಲ್ವಾ?"

ದನಿಯಲ್ಲಿ ಹೆದರಿಕೆಯಿತ್ತು.
ಯಾಕೋ ನನಗೆ ಸಮಾಧಾನವಾಯಿತು.