ತೂಕದ ಪರೀಕ್ಷಾ

ತಿಕೋಟಾ ದಾರ್ಯಾಗ ಮಣೂಕದ ಶೆಡ್ಡು,
ಶೆಡ್ಡಿನ ಹಿಂದ ತಗಡಿನ ಖೋಲಿ,
ಖೋಲ್ಯಾಗ ಒಂದು ಫ್ಯಾನು, ಒಂದು ಲ್ಯಾಪ್‌ಟಾಪು, ನಾನು.
ಒಣದ್ರಾಕ್ಷಿ ಆರಿಸೋ ಮಷೀನಿಗೆ ಬುದ್ಧಿ ಬರೀಬೇಕಾಗಿತ್ತು.
ಬರದೆ:

ಬಣ್ಣಕ್ಕ ಸೊನ್ನೆ ಪಾಯಿಂಟ್ ಏಳು
ಗಾತ್ರಕ್ಕ ಸೊನ್ನೆ ಪಾಯಿಂಟ್ ಎರಡು
ಸುಕ್ಕಿಗೆ ಸೊನ್ನೆ ಪಾಯಿಂಟ್ ಒಂದು

ಏಳು ಯಾಕ, ಆರು ಯಾಕಲ್ಲ?
ಯಾರೂ ಕೇಳಲಿಲ್ಲ.
"ಬಂಗಾರದಂಗ ಕಾಣಬೇಕ ನೋಡು" ಅಂದಿದ್ರು
ಮಾಲಕರು ಫೋನಿನ್ಯಾಗ.
ಆ ಒಂದು ಮಾತಿಗೆ ನಾ ಕಟ್ಟಿದ ಬೆಲೆ, ಏಳು.

ಮೊದಲ ಪರೀಕ್ಷಾ ಬಲು ಸಾದಾ:
ಮೂರೂ ಕೂಡಿಸಿದ್ರ ಒಂದಾಗಬೇಕು.
ಆಗಲಿಲ್ಲ.
ಸೊನ್ನೆ, ಚುಕ್ಕಿ, ಆಮ್ಯಾಲ ಹದಿನಾರು ಒಂಬತ್ತು,
ಪಡಸಾಲ್ಯಾಗ ಊಟಕ್ಕ ಕುಂತ ಪಂಕ್ತಿ ಹಂಗ,
ಬಡಸವರು ಮಾತ್ರ ಬರವಲ್ರು.
ತೆಳಗಿಂದ ಮ್ಯಾಲ ಕೂಡಿಸಿದೆ. ಒಂದು. ಸ್ವಚ್ಛ ಒಂದು.
ಮ್ಯಾಲಿಂದ ತೆಳಗ ಕೂಡಿಸಿದ್ರ ಮತ್ತ ಕೂದಲೆಳಿ ಕಡಿಮಿ.
ಅವ ಮೂರು ಅಂಕಿ, ಅದ ಯಂತ್ರ,
ಯಾರು ಮೊದಲು ಒಳಗ ಬಂದ್ರು ಅನ್ನೋದ್ರ ಮ್ಯಾಲ ಲೆಕ್ಕ.

ಕಡೀಕ "ಸಮ ಐತೇನು" ಅನ್ನೋದನ್ನ ಅಳಿಸಿ
"ಸಮೀಪ ಐತೇನು" ಅಂತ ಬರದೆ.
ಹಸರು ಗೆರಿ ಬಂತು.
ನಮ್ಮಪ್ಪ ಕಿರಾಣಿ ಅಂಗಡ್ಯಾಗ
ತಕ್ಕಡಿ ಮುಳ್ಳು ನಿಲ್ಲೂದ್ರಾಗ ಪುಡಿಕಿ ಕಟ್ಟತಿದ್ದ.
ಅದಕ್ಕ ನಾ ಅವನ ಕೂಡ ಜಗಳಾಡತಿದ್ದೆ.

ಎರಡನೇ ಪರೀಕ್ಷಾ: ಒಂದಕ್ಕ ಎಲ್ಲಾ, ಉಳದದ್ದಕ್ಕ ಸೊನ್ನೆ.
ಬಣ್ಣಕ್ಕಷ್ಟ ತೂಕ ಕೊಟ್ಟೆ:
ಯಾರದೋ ಕುಬಸದ ಹಳದಿ ಗುಂಡಿ
ಮೊದಲ ದರ್ಜೆ ಬುಟ್ಟಿಗೆ ಬಿತ್ತು.
ಗಾತ್ರಕ್ಕಷ್ಟ ಕೊಟ್ಟೆ, ಹಳ್ಳ ಗೆದ್ದಿತು.
ಮೂರಕ್ಕೂ ಸೊನ್ನೆ ಕೊಟ್ಟೆ,
ಎಲ್ಲಾವೂ ಒಂದ ದರ್ಜೆ,
ಯಾವುದೂ ಯಾರಿಗೂ ಬ್ಯಾಡಾದಂಗ.

ಹುಸೇನಬಿ ಬಾಗಲ್ದಾಗ ನಿಂತು ನೋಡಲಿಕತ್ತಿದ್ದಳು.
ಮೂವತ್ತೊಂದು ವರ್ಷದಿಂದ ಇದ ಆರಿಸೋ ಕೆಲಸ, ಕಿಲೋ ಲೆಕ್ಕದ ಕೂಲಿ.
ಮೊದಲ ದರ್ಜೆದೊಂದು ತಗೊಂಡಳು,
ಕಣ್ಣು ಮುಚ್ಚಿ ಬೆರಳಾಗ ಹೊಳ್ಳಿಸಿದಳು,
ಮೂಗಿಗೆ ಹಿಡದಳು.
"ಇದಕ್ಕ ಗಂಧಕ ಭಾಳ ಕುಡಿಸ್ಯಾರ.
ಬಣ್ಣ ಐತಿ. ಹಣ್ಣು ಇಲ್ಲ."

ಅವತ್ತ ಅಕಿ ಕೈಲೆ ಮೂವತ್ತೇಳು ಮಣೂಕ ಆರಿಸಿಸಿದೆ,
ಹಳೇ ಲಗ್ನಪತ್ರಿಕಾದ ಮ್ಯಾಲ ಸಾಲಾಗಿ ಇಟ್ಟು
ನಾಕೂ ಕಡಿಂದ ಫೋಟೋ ತಗದೆ.
ಅಕಿ ಹೇಳಿದ್ದ ಉತ್ತರ, ಮಷೀನು ವಿದ್ಯಾರ್ಥಿ.
ಬಣ್ಣಕ್ಕ ಏಳು: ಹನ್ನೊಂದು ತಪ್ಪು.
ಐದು: ಎಂಟು ತಪ್ಪು.
ಮೂರು: ನಾಕು.
ಹುರುಪಿಗೆದ್ದು ಒಂದಕ್ಕಿಳಿಸಿದೆ, ಮತ್ತ ಒಂಬತ್ತು.
ಬಂಗಾರದಾಗೂ ಒಂಚೂರು ಖರೇ ಇತ್ತು ಅನ್ರಿ.

"ನಾಕ ತಪ್ಪಲ್ಲಾ, ಅಕಿ ಉತ್ತರಾನ ತಿದ್ದಿಬಿಡ್ರಿ,
ಪಾಸಾಗತೈತಿ" ಅಂದ ಮಾಲಕರ ಮಗ.
ಅವನಿಗೆ ಚಾ ತರಾಕ ಕಳಿಸಿ
ಆ ನಾಕನ್ನೂ ಅಕಿ ಅಂಗೈಯಾಗ ಹಾಕಿದೆ.
ಒಂದು ನೋಡಿದಳು, "ಮಷೀನಂದ ಖರೇ, ನಂದ ಕಣ್ಣು ಮಬ್ಬು."
ಇನ್ನೊಂದಕ್ಕೂ ಹಂಗ.
ಮೂರನೇದು, "ಸುಳ್ಳ. ಇದು ನಂದ ಖರೇ."
ನಾಕನೇದನ್ನ ಬಾಯಿಗೆ ಹಾಕ್ಕೊಂಡಳು,
ಹೊತ್ತು ಹಿಡದು ಅಗದಳು, ಏನೂ ಅನಲಿಲ್ಲ.
ಆ ಸಾಲಿಗೆ ಈಗ ಸಾಕ್ಷಿ ಇಲ್ಲ.

ಸಂಜೀಕ ಪರದೆಗೆ ಬೆರಳು ಹಚ್ಚಿ ಕೇಳಿದಳು,
"ಇಲ್ಲೇನು ಬರದಿಯವ್ವಾ?"
"ನಿನ್ನ ಹೆಸರು. ಹುಸೇನಬಿ ಪರೀಕ್ಷಾ."
"ನಾ ಪಾಸೇನು?"
"ಪರೀಕ್ಷಾ ನಿಂದಲ್ಲ ಬೇ, ಮಷೀನಿಂದು.
ತಗೊಳ್ಳಾಕಿ ನೀನು."
ಸೆರಗಿನ್ಯಾಗ ಅಂಟು ಒರಸಿಕೊಂಡಳು.
"ಹಂಗಾದ್ರ ಪರೀಕ್ಷಾ ತಗೊಳ್ಳೋ ಅಕ್ಕೋರಿಗೆ
ಪಗಾರ ಎಷ್ಟ?"

ಫ್ಯಾನು ತಿರಗತಿತ್ತು.
ಕಡೇ ಸಾಲಿನ್ಯಾಗ ಇನ್ನೊಂದು ಪರೀಕ್ಷಾಕ್ಕ ಹೆಸರಿಟ್ಟು
ಒಳಗ ಖಾಲಿ ಬಿಟ್ಟೀನಿ.
ಒಳಗ ಏನೂ ಇರದ ಪರೀಕ್ಷಾ
ದಿನಾ ಪಾಸಾಗತೈತಿ.