ದಯವಿಟ್ಟು ಮತ್ತೊಮ್ಮೆ ಬೆರಳಿಡಿ

ಶಿಡ್ಲಘಟ್ಟದ ನಮ್ಮ ಕಾಲೇಜಿನ ಲೈಬ್ರರಿಗೆ
ಆಷಾಢದ ಒಂದು ಮಂಗಳವಾರ ಯಂತ್ರ ಬಂತು.
ಒಳ್ಳೆ ಕೆಲಸಕ್ಕೆ ಆಗದ ತಿಂಗಳು ಎಂದ ಪಿಳ್ಳಾಂಜಿನಪ್ಪ,
ಆದರೂ ನಿಂಬೆಹಣ್ಣು ಕೊಯ್ದು ಕುಂಕುಮ ಮೆತ್ತಿ
ಮಾನಿಟರಿನ ಎರಡು ಕಡೆ ಇಟ್ಟ.
ಮಾರ್ಚಿಗೆ ಮುಗಿಯಬೇಕಿದ್ದ ಗ್ರಾಂಟು, ಜುಲೈಗೆ ಬಂದ ಡಬ್ಬ.
ನಡುವೆ ಏನಾಯಿತೆಂದು ನನ್ನ ಕೇಳಬೇಡಿ,
ನಾನು ಬರೀ ಗ್ರಂಥಪಾಲಕಿ.

ಮೂರು ತಿಂಗಳು ಬಾರ್‌ಕೋಡ್ ಅಂಟಿಸಿದೆವು,
ಹನ್ನೊಂದು ಸಾವಿರದ ನಾನೂರು ಪುಸ್ತಕಕ್ಕೆ.
ತಿನ್ನುವ ಅನ್ನಕ್ಕೂ ಗೋಂದಿನ ವಾಸನೆ.
ಪ್ರತಿ ರಟ್ಟಿನ ಒಳಗೊಂದು ಚೀಟಿ,
ತೇದಿಯ ಮೇಲೆ ತೇದಿ, ನೇರಳೆ ಮಸಿಯ ಮುದ್ರೆ.
ಒಂದು ಭೂಗೋಳ
ತೊಂಬತ್ತೆಂಟರಲ್ಲಿ ಹೋದದ್ದು ಎರಡು ಸಾವಿರದ ಆರಕ್ಕೆ ಮರಳಿತ್ತು.
ದಂಡ ಕಟ್ಟಿದ ಗುರುತಿಲ್ಲ,
ಹಾಳೆಗಳ ನಡುವೆ ಒಂದು ಹಿಪ್ಪುನೇರಳೆ ಎಲೆ,
ನರನರವೂ ಓದಬಹುದು.
ಇದನ್ನು ಯಾವ ಕಾಲಮ್ಮಿನಲ್ಲಿ ತುಂಬಲಿ ಎಂದೆ
ಕಂಪನಿಯಿಂದ ಬಂದ ಹುಡುಗನಿಗೆ.
'ರಿಮಾರ್ಕ್ಸ್‌ನಲ್ಲಿ ಹಾಕಿ ಮೇಡಂ.' ನಗಲಿಲ್ಲ ಅವನು.
ಹಾಕಿದೆ.

ಪಿಳ್ಳಾಂಜಿನಪ್ಪನಿಗೆ ಬಂದೂಕಿನಂಥ ಸ್ಕ್ಯಾನರ್ ಇಷ್ಟವಾಯಿತು.
'ಕುಯ್ ಅಂದ್ರೆ ಬಂತು ಅಂತ, ಅನ್ನದಿದ್ರೆ ಇಲ್ಲ.'
ಊಟದ ಡಬ್ಬಿಗೂ ಒಮ್ಮೆ ಹಿಡಿದು ನೋಡಿದ.
ಇಪ್ಪತ್ತಾರು ವರ್ಷ ಆ ಕಪಾಟುಗಳ ದಾರಿ
ಅವನ ಕಾಲಿಗೆ ಮಾತ್ರ ಗೊತ್ತಿತ್ತು,
ಈಗ ತೆರೆಯ ಮೇಲೆ ಯಾರಿಗೆ ಬೇಕಾದರೂ.

ಆಮೇಲೆ ಬಾಗಿಲಿಗೆ ಬಂತು ಬೆರಳು ಓದುವ ಪೆಟ್ಟಿಗೆ.
ಹಸಿರು ಹತ್ತಿದರೆ ಒಳಕ್ಕೆ.
ಬಿ.ಎ., ಬಿ.ಕಾಂ., ಎಲ್ಲರೂ ಸಾಲಾಗಿ
ಬೆರಳು ಕೊಟ್ಟು ಹೋದರು.
ಮೆಹಜಬೀನ್ ಹೆಬ್ಬೆರಳಿಟ್ಟಳು. ಕೆಂಪು.
ತೋರುಬೆರಳು. ಕೆಂಪು.
ದಯವಿಟ್ಟು ಮತ್ತೊಮ್ಮೆ ಬೆರಳಿಡಿ, ಎಂದಿತು ಪೆಟ್ಟಿಗೆ
ಯಾವೂರಿನದೋ ಹೆಣ್ಣುದನಿಯಲ್ಲಿ,
ದಯವಿಟ್ಟು ಮತ್ತೊಮ್ಮೆ,
ಹತ್ತು ಬೆರಳೂ ಮುಗಿಯುವ ತನಕ.
ಸಾಲಿನಲ್ಲಿ ಯಾರೋ ಕಿಸಕ್ಕೆಂದರು.
'ಕೈ ತೊಳ್ಕೊಂಡು ಬನ್ನಿ' ಎಂದ ಹುಡುಗ.
'ನೀರಲ್ಲಿ ಇದ್ದೂ ಇದ್ದೂ ಹೀಗಾಗಿರೋದು' ಎಂದಳು.

ಬೆಳಗಿನ ನಾಲ್ಕಕ್ಕೆ ಅಬ್ಬನ ಫಿಲೇಚರಿನಲ್ಲಿ
ಕುದಿವ ಬೇಸಿನ್ನಿಗೆ ಕೈಯಿಟ್ಟು
ಗೂಡಿನ ಎಳೆ ಹಿಡಿಯುವ ಹುಡುಗಿ.
ಕರೆಂಟು ಹೋದರೂ ಆ ತುದಿ ಸಿಗುತ್ತದೆ ಅವಳಿಗೆ.
ಬೆರಳಿನ ಗೆರೆ ಸಿಗಲಿಲ್ಲ ಯಂತ್ರಕ್ಕೆ.
ನನ್ನ ಮದುವೆಯ ಸೀರೆ ನೆನಪಾಯಿತು,
ಯಾಕೋ ಅವತ್ತು ಕೈ ಮಡಿಚಿಕೊಂಡೇ ಕೂತೆ.

ಕೆಂಪು ಗೆರೆ ಎಳೆದು ಮುಚ್ಚಿದ್ದ ಲೆಡ್ಜರ್ ತೆಗೆದೆ.
ಗೆರೆಯ ಕೆಳಗೆ ಅವಳ ಹೆಸರು,
ಪಾಳೆಯಗಾರರ ಇತಿಹಾಸ, ಎರಡನೇ ಸಂಪುಟ, ಸಹಿ.
ಈಗ ಆ ಪುಟದಲ್ಲಿ ಏಳು ಜನ,
ಎಲ್ಲ ಫಿಲೇಚರ್ ಬೀದಿಗಳವರೇ.
ತಪಾಸಣೆಗೆ ಬಂದವರು ಬೆರಳಿಟ್ಟು ಕೇಳಿದರು, ಏನಿದು?
ಬ್ಯಾಕಪ್ಪು ಸಾರ್, ಎಂದೆ.
ತಲೆಯಾಡಿಸಿ ಬರೆದುಕೊಂಡರು.

ಅವಳೇ ಬಂದು ಕೇಳಿದ್ದು,
'ಪುಸ್ತಕ ಒದ್ದೆಯಾಗುತ್ತೆ ಮೇಡಂ,
ಓದಿ ಹೇಳೋದು ಏನೋ ಇದೆಯಂತಲ್ಲ?'
ಇತ್ತು. ಹುಡುಗ ಎರಡು ಸಂಜೆ ಕೂತು
ಹಾಳೆ ಹಾಳೆ ಸ್ಕ್ಯಾನ್ ಮಾಡಿಕೊಟ್ಟ.
ಈಗ ಬೇಸಿನ್ನಿನ ಮೇಲೆ ಮೊಳೆಗೆ ತೂಗುತ್ತದೆ
ಹಾಲಿನ ಕವರಿನೊಳಗಿನ ಫೋನು.
ಓದುವುದು ಅದೇ ದನಿ! ಬಾಗಿಲಲ್ಲಿ ಬೇಡವೆಂದದ್ದು.
ಯುದ್ಧದ ನಡುವೆ 'ಪುಟ ನೂರ ಹನ್ನೆರಡು' ಎನ್ನುತ್ತದೆ,
ಕ್ರಿ.ಶ.ವನ್ನು ಕ್ರಿಶ ಎಂಬ ಮನುಷ್ಯ ಮಾಡುತ್ತದೆ,
ಚರಕ ತಿರುಗುವ ಸದ್ದಿಗೆ ಅರ್ಧ ಕೇಳುವುದೂ ಇಲ್ಲ.

ಆದರೂ ಮೊನ್ನೆ ಪಕ್ಕದ ಬೇಸಿನ್ನಿನ ಗಂಗುಲಮ್ಮ,
ಒಂದಕ್ಷರ ಬಾರದವಳು,
ಹುಳುವಿನ ವಾಸನೆಯ ಹಬೆಯಾಚೆಯಿಂದ ಕೂಗಿದಳಂತೆ:
ನಿಲ್ಲಿಸಬೇಡವೇ, ನಿಲ್ಲಿಸಬೇಡ,
ಕೋಟೆ ಬಾಗಿಲು ಹಾಕಿದ ಮೇಲೆ
ಹೊರಗುಳಿದ ಆ ರಾಣಿ ಏನಾದಳು?